ಹುರಿ ತೆಗೆದದ್ದು ಹಿಂದಿನಿಂದ, ಸೊರಗಿದ್ದು ಮುಂದಿನ ತೊಡೆ

"ತೊಡೆ ಬಿಗಿ ಮಾಡಿ ನೋಡೋಣ," ಅಂದರು ಫಿಸಿಯೋ ಮೇಡಂ. ಆಪರೇಷನ್ ಆದ ಮರುದಿನ ಬೆಳಿಗ್ಗೆ ಅದು. ಮೊಣಕಾಲಿನ ಕೆಳಗೆ ಟವೆಲ್ ಸುತ್ತಿ ಇಟ್ಟಿದ್ದರು. ಅದನ್ನು ಮಂಚಕ್ಕೆ ಒತ್ತಬೇಕು, ಅಷ್ಟೇ ಕೆಲಸ. ಒತ್ತಿದೆ. ಬಲತೊಡೆ ಬಿಗಿಯಾಯಿತು, ಹೊಟ್ಟೆ ಬಿಗಿಯಾಯಿತು, ಹಲ್ಲು ಕಚ್ಚಿಕೊಂಡಿದ್ದೆ, ಕೈ ಮಂಚದ ಕಂಬಿ ಹಿಡಿದಿತ್ತು. ಎಡತೊಡೆ ಮಾತ್ರ ಹಾಗೇ ಮಲಗಿತ್ತು. ನೋವಿಗೆ ಹೆದರಿ ಬಿಟ್ಟಿದ್ದಲ್ಲ, ಆಗ ನೋವೇ ಅಷ್ಟಿರಲಿಲ್ಲ. ನಾನು ಹೇಳಿದ್ದು ಅದಕ್ಕೆ ಕೇಳಿಸಲೇ ಇಲ್ಲ. ಮೂವತ್ತಾರು ವರ್ಷ ಹೇಳಿದ ಹಾಗೆ ಕೇಳಿದ ಕಾಲು ಅದು.

ಆಪರೇಷನ್ ಥಿಯೇಟರಿನಲ್ಲೂ ನನಗೆ ಅಷ್ಟು ಭಯ ಆಗಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮೊಣಕಾಲಿನ ಲಿಗಮೆಂಟ್ ಆಪರೇಷನ್ ಅಂದರೆ ಎಲ್ಲರೂ ಮೊಣಕಾಲಿನ ಬಗ್ಗೆಯೇ ಮಾತಾಡುತ್ತಾರೆ. ಹೊಲಿಗೆ ಒಣಗಿತಾ, ಎಷ್ಟು ಬಾಗುತ್ತದೆ, ನೋವು ಹೋಯಿತಾ. ತೊಡೆಯ ಬಗ್ಗೆ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಈಗ ಹನ್ನೊಂದು ತಿಂಗಳಾಯಿತು. ಅದರಲ್ಲಿ ಮೊಣಕಾಲಿಗೆ ಅಂತ ಹೋದದ್ದು ಎರಡು ತಿಂಗಳು ಇರಬಹುದು, ಉಳಿದದ್ದೆಲ್ಲ ತೊಡೆಗೇ ಹೋಯಿತು.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮನೆ ಮೇಲೆ, ಅಡಿಕೆ ತೋಟ ಕೆಳಗೆ ಕಣಿವೆಯಲ್ಲಿ. ತೋಟದ ಕೆಲಸದ ಜೊತೆಗೆ ಹವ್ಯಾಸಕ್ಕೆ ಅಂತ ಯಕ್ಷಗಾನದಲ್ಲಿ ವೇಷ ಮಾಡುತ್ತೇನೆ. 2024ರ ಫೆಬ್ರವರಿಯಲ್ಲಿ ಕೊಯ್ಲಾದ ಗದ್ದೆಯಲ್ಲಿ ಸಂಜೆ ವಾಲಿಬಾಲ್ ಆಡುತ್ತಿದ್ದೆವು. ಹಾರಿ ಚೆಂಡು ಹೊಡೆದು ಇಳಿದೆ. ಎಡಗಾಲೊಂದೇ ನೆಲಕ್ಕೆ ತಾಗಿತು, ಪಾದ ಮಣ್ಣಿನ ಹೆಂಟೆಗಳ ನಡುವೆ ಸಿಕ್ಕಿ ನಿಂತಿತು, ಮೈ ಆಚೆ ತಿರುಗಿತು. ಒಳಗೆ 'ಟಪ್' ಅಂತ ಸದ್ದಾಯಿತು. ನನ್ನನ್ನು ಯಾರೂ ಮುಟ್ಟಿರಲಿಲ್ಲ. ಎಸಿಎಲ್ ಅಂದರೆ ಮೊಣಕಾಲಿನ ಒಳಗೆ ಮೇಲಿನ ಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಹಿಡಿದಿಡುವ ಒಂದು ಲಿಗಮೆಂಟ್. ಅದು ಹರಿಯುವುದು ಹೆಚ್ಚಾಗಿ ಹೀಗೆಯೇ, ಯಾರ ಏಟೂ ತಾಗದೆ, ಹಾರಿ ಇಳಿಯುವಾಗಲೋ ಓಡುತ್ತಾ ಸರಕ್ಕನೆ ದಿಕ್ಕು ಬದಲಿಸುವಾಗಲೋ. ಎರಡು ಗಂಟೆಯೊಳಗೆ ಮೊಣಕಾಲು ತೆಂಗಿನಕಾಯಿಯಷ್ಟು ಊದಿತು.

ಮೊದಲು ತೋರಿಸಿದ ಕಡೆ ಎಕ್ಸ್-ರೇ ತೆಗೆದು, ಮೂಳೆ ಸರಿ ಇದೆ, ಬರೀ ಉಳುಕು, ಮೂರು ವಾರ ರೆಸ್ಟ್ ಮಾಡಿ ಅಂದರು. ಎಕ್ಸ್-ರೇಯಲ್ಲಿ ಲಿಗಮೆಂಟ್ ಕಾಣುವುದೇ ಇಲ್ಲ ಅಂತ ನನಗಾಗ ಗೊತ್ತಿರಲಿಲ್ಲ. ಬಾವು ಇಳಿಯಿತು, ನಡೆಯಲು ಬಂತು, ಸರಿಯಾಯಿತು ಅಂದುಕೊಂಡೆ. ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ. ಜಾತ್ರೆ ನಡೆಯುವ ಬಿಡ್ಕಿಬೈಲಿನ ಗದ್ದಲದಲ್ಲಿ ಮಗಳ ಕೈ ಹಿಡಿದುಕೊಂಡು ಹೋಗುವಾಗ ಯಾರೋ ಅಡ್ಡ ಬಂದರು, ಪಕ್ಕಕ್ಕೆ ತಿರುಗಿದೆ. ಮೊಣಕಾಲು ಒಳಗೇ ಜಾರಿದ ಹಾಗಾಗಿ ಅಲ್ಲೇ ಕುಸಿದೆ. ಆಮೇಲೆ ಎಂಆರ್‌ಐ, ಅದರಲ್ಲಿ ಎಸಿಎಲ್ ಪೂರ್ತಿ ಹರಿದದ್ದು ಕಂಡಿತು. ನಿಮಗೆ ಯಾರಿಗಾದರೂ 'ಟಪ್' ಅಂತ ಸದ್ದಾಗಿ ಕೆಲವೇ ಗಂಟೆಯಲ್ಲಿ ಮೊಣಕಾಲು ಊದಿದರೆ, ಮೂಳೆ ಸರಿ ಇದೆ ಅನ್ನುವ ಮಾತಿಗೆ ಸುಮ್ಮನಾಗಬೇಡಿ, ಮೂಳೆಯ ಡಾಕ್ಟರಿಗೆ ಒಮ್ಮೆ ತೋರಿಸಿ.

ಆಪರೇಷನ್ ಏಪ್ರಿಲ್‌ನಲ್ಲಿ, ಹುಬ್ಬಳ್ಳಿಯಲ್ಲಿ. ನಮಗದು ಸುಮಾರು 100 ಕಿಲೋಮೀಟರ್. ಕರಾವಳಿಯವರಾದರೆ ಮಂಗಳೂರು, ಮಣಿಪಾಲ, ಗೋವಾ. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ನಾವೆಲ್ಲ ಸೇರಿ ದನಿ ಎತ್ತಿದ್ದೆವು. ಕಾಲು ಮಡಿಸಲಾಗದೆ ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿ ಬರುವಾಗ ಆ ಬೇಡಿಕೆ ಎಷ್ಟು ದೊಡ್ಡದು ಅಂತ ಮತ್ತೊಮ್ಮೆ ಗೊತ್ತಾಯಿತು.

ಆಪರೇಷನ್‌ಗೆ ಮುಂಚೆ ಡಾಕ್ಟರ ಹತ್ತಿರ ಯಕ್ಷಗಾನದ ವಿಷಯ ಹೇಳಿದ್ದೆ. ನಮ್ಮ ಬಡಗುತಿಟ್ಟು ಶೈಲಿಯಲ್ಲಿ ಮಂಡಿ ಹಾಕುವುದು ಅಂತ ಇದೆ, ಮೊಣಕಾಲು ನೆಲಕ್ಕೆ ಊರಿ ಚಂಡೆಯ ಪೆಟ್ಟಿಗೆ ಸರಿಯಾಗಿ ರಂಗಸ್ಥಳದಲ್ಲಿ ಗಿರಗಿರ ತಿರುಗುವುದು. ಅವರು ಫೋನಿನಲ್ಲಿ ಅದರ ವಿಡಿಯೋ ಹಾಕಿಸಿಕೊಂಡು ಪೂರ್ತಿ ನೋಡಿದರು. ಹರಿದ ಲಿಗಮೆಂಟನ್ನು ಹೊಲಿದು ಸರಿಮಾಡುವುದು ಹೆಚ್ಚಿನವರಿಗೆ ಆಗುವುದಿಲ್ಲ, ಅದರ ಜಾಗಕ್ಕೆ ನಮ್ಮದೇ ಮೈಯ ಬೇರೆ ಹುರಿ, ಅಂದರೆ ಮಾಂಸವನ್ನು ಮೂಳೆಗೆ ಕಟ್ಟುವ ಗಟ್ಟಿ ಪಟ್ಟಿ, ತೆಗೆದು ಕೂರಿಸುತ್ತಾರೆ. ಮೊಣಕಾಲು ಚಿಪ್ಪಿನ ಕೆಳಗಿನ ಹುರಿಯನ್ನು ಮೂಳೆಯ ಚೂರಿನ ಸಮೇತ ತೆಗೆಯುವುದು ಒಂದು ದಾರಿ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ನಿಂದ ತೆಗೆಯುವುದು ಇನ್ನೊಂದು. ಚಿಪ್ಪಿನ ಮೇಲಿನಿಂದಲೂ ತೆಗೆಯುತ್ತಾರೆ. ಚಿಪ್ಪಿನ ಕೆಳಗಿನದನ್ನು ತೆಗೆದರೆ ಆಮೇಲೆ ಮೊಣಕಾಲೂರಿ ಕೂರುವಾಗ ಬಹಳ ಜನರಿಗೆ ನೋವು ಉಳಿಯುತ್ತದೆ, ನಿಮಗೆ ಹಿಂದಿನದೇ ಇರಲಿ ಅಂದರು. ಹಾಗಾಗಿ ನನ್ನದು ಹ್ಯಾಮ್‌ಸ್ಟ್ರಿಂಗ್ ಹುರಿ. ನೀವು ಏನು ಕೆಲಸ ಮಾಡುತ್ತೀರಿ, ಹೇಗೆ ಕೂರುತ್ತೀರಿ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಅವರಾಗೇ ಊಹಿಸಲಿಕ್ಕೆ ಆಗುವುದಿಲ್ಲ ಅಲ್ವಾ.

ಈಗ ನನ್ನ ಪ್ರಶ್ನೆ ಇದು. ಹುರಿ ತೆಗೆದದ್ದು ತೊಡೆಯ ಹಿಂದಿನಿಂದ. ಹಾಗಿದ್ದರೆ ಮುಂದಿನ ತೊಡೆ ಏಕೆ ಸೊರಗಬೇಕು? ಅದನ್ನು ಯಾರೂ ಮುಟ್ಟಿಯೇ ಇಲ್ಲ. ಬರೀ ಮಲಗಿದ್ದಕ್ಕೆ ಸೊರಗಿತು ಅನ್ನೋಣ ಅಂದರೆ, ಮರುದಿನ ಬೆಳಿಗ್ಗೆಯೇ ಅದು ಏಳಲಿಲ್ಲವಲ್ಲ. ಒಂದು ರಾತ್ರಿಯಲ್ಲಿ ಮಾಂಸ ಕರಗುತ್ತದಾ?

ಶಿರಸಿಗೆ ಬಂದ ಮೇಲೆ ಇಲ್ಲಿನ ಫಿಸಿಯೋ ಮೇಡಂ ಹತ್ತಿರ ಇದನ್ನೇ ಕೇಳಿದೆ. ಅವರೂ ತೋಟದ ಮನೆಯವರೇ. "ನಿಮ್ಮ ಮೋಟರ್ ಸುಟ್ಟಿಲ್ಲ ಸರ್, ಸ್ಟಾರ್ಟರ್ ಟ್ರಿಪ್ ಆಗಿದೆ," ಅಂದರು.

ಪಂಪ್‌ಸೆಟ್ ಇಟ್ಟುಕೊಂಡವರಿಗೆ ಇದಕ್ಕಿಂತ ಚೆನ್ನಾಗಿ ಹೇಳಲಿಕ್ಕಿಲ್ಲ. ಮೊಣಕಾಲಿನ ಒಳಗೆಲ್ಲ ನರಗಳ ತುದಿಗಳಿವೆ. ಒಳಗೆ ನೀರು ತುಂಬಿ ಗಂಟು ಊದಿದಾಗ ಅವು ಬೆನ್ನುಹುರಿಗೆ ಬೇರೆ ಥರದ ಸುದ್ದಿ ಕಳಿಸುತ್ತವೆ. ಬೆನ್ನುಹುರಿ ಅದನ್ನು ಕೇಳಿ ಮುಂದೊಡೆಗೆ ಹೋಗುವ ಕರೆಂಟನ್ನೇ ತಗ್ಗಿಸಿಬಿಡುತ್ತದೆ. ಮೆದುಳು ಎಷ್ಟು ಸಲ ಹಸಿರು ಬಟನ್ ಒತ್ತಿದರೂ ಮೋಟರ್ ಪೂರ್ತಿ ತಿರುಗುವುದಿಲ್ಲ. ಪೆಟ್ಟಾದ ಗಂಟನ್ನು ಕಾಯಲು ಮೈ ತಾನೇ ಮಾಡಿಕೊಂಡ ವ್ಯವಸ್ಥೆ ಇದು. ತೊಂದರೆ ಏನೆಂದರೆ ಗಂಟು ವಾಸಿಯಾಗುತ್ತಾ ಬಂದರೂ ಈ ತಡೆ ಕೆಲವರಲ್ಲಿ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ. ಕರೆಂಟ್ ಸರಿಯಾಗಿ ಹೋಗದ ಮಾಂಸ ದಿನಾ ಕರಗುತ್ತಾ ಹೋಗುತ್ತದೆ. ಅಂದರೆ ಮೊದಲು ಬರುವುದು ತಡೆ, ಸೊರಗುವುದು ಅದರ ಬೆನ್ನಿಗೆ.

ಎಷ್ಟು ನೀರು ಬೇಕು ಇದಕ್ಕೆ ಅಂತೀರಿ? ಪೆಟ್ಟೇ ಆಗದ ಆರೋಗ್ಯವಂತರ ಮೊಣಕಾಲಿಗೆ ಸಲೈನ್ ನೀರು ಹಾಕಿ ಪರೀಕ್ಷೆ ಮಾಡಿದ್ದಾರೆ. 20ರಿಂದ 30 ಮಿಲಿಲೀಟರ್ ಸಾಕು, ಮುಂದೊಡೆಯ ನಾಲ್ಕು ಮಾಂಸಗಳಲ್ಲಿ ಒಳಮಗ್ಗುಲಿನದು ಮಂಕಾಗುತ್ತದೆ. ಸಣ್ಣ ಲೋಟದಲ್ಲಿ ತಳ ಮುಚ್ಚುವಷ್ಟು. ಚಿಪ್ಪಿನ ಮೇಲೆ ಒಳಬದಿಗೆ ಹನಿಯ ಆಕಾರದಲ್ಲಿ ಉಬ್ಬಿ ಕಾಣುತ್ತದಲ್ಲ, ಅದೇ ಮಾಂಸ. ನನ್ನದು ಅಲ್ಲಿ ಬೆರಳಿಟ್ಟರೆ ಹಳ್ಳ.

ಇದು ಗೊತ್ತಾದ ದಿನದಿಂದ ಬಾವು ಇಳಿಸುವುದೇ ನನ್ನ ಮೊದಲ ಕೆಲಸವಾಯಿತು. ಅದಕ್ಕೆ ಮುಂಚೆ ಐಸ್ ಇಡುವುದು ನೋವಿಗೆ ಅಂದುಕೊಂಡಿದ್ದೆ, ನೋವಿಲ್ಲದ ದಿನ ಬಿಡುತ್ತಿದ್ದೆ. ವ್ಯಾಯಾಮಕ್ಕೆ ಮೊದಲು ಬಟ್ಟೆಯಲ್ಲಿ ಸುತ್ತಿ 20 ನಿಮಿಷ ಐಸ್ ಇಟ್ಟರೆ ಆ ತಡೆ ಸ್ವಲ್ಪ ಹೊತ್ತು ಸಡಿಲವಾಗುತ್ತದೆ, ಆ ಹೊತ್ತಿನಲ್ಲೇ ತೊಡೆಗೆ ಕೆಲಸ ಕೊಡಬೇಕು. ಕ್ಲಿನಿಕ್ಕಿನಲ್ಲಿ ವಾರಕ್ಕೆ ಮೂರು ದಿನ ಕರೆಂಟ್ ಕೊಡುತ್ತಿದ್ದರು. ತೊಡೆಗೆ ಎರಡು ಪ್ಯಾಡ್ ಅಂಟಿಸಿ ಮಷಿನ್ ಹಾಕಿದರೆ ನಾನು ಹೇಳದೆಯೇ ಮಾಂಸ ಎದ್ದು ನಿಲ್ಲುತ್ತಿತ್ತು. ಮಷಿನ್ ಎತ್ತುವಾಗಲೇ ನೀವೂ ಎತ್ತಿ, ಸುಮ್ನೆ ಮಲಗಿ ನೋಡಬೇಡಿ ಅನ್ನುತ್ತಿದ್ದರು ಮೇಡಂ.

ಮನೆಗೆ ಬಂದ ಒಂಬತ್ತನೇ ದಿನ. ಜಗುಲಿಯಲ್ಲಿ ಕಾಲು ಚಾಚಿ ಕೂತು, ಎಡಗೈಯ ಎರಡು ಬೆರಳನ್ನು ಆ ಹಳ್ಳದ ಮೇಲಿಟ್ಟು, ಟವೆಲ್ಲನ್ನು ಒತ್ತುತ್ತಿದ್ದೆ. ಹತ್ತು ಎಣಿಸುವುದು, ಬಿಡುವುದು. ಮತ್ತೆ ಹತ್ತು. ಎಷ್ಟನೆಯದ್ದೋ ಗೊತ್ತಿಲ್ಲ, ಬೆರಳ ಕೆಳಗೆ ಏನೋ ಮಿಡುಕಿತು. ಮೀನು ಬಲೆ ಮುಟ್ಟಿದಷ್ಟು. ಮತ್ತೆ ಒತ್ತಿದೆ, ಮತ್ತೆ ಮಿಡುಕಿತು. ಆಯಿಯನ್ನು, ಅಂದರೆ ಅಮ್ಮನನ್ನು, ಕೂಗಿ ಕರೆದೆ. ಅವಳು ಒದ್ದೆ ಕೈಯಲ್ಲೇ ಓಡಿ ಬಂದು, ನನ್ನ ಬೆರಳಿನ ಪಕ್ಕ ತನ್ನ ಬೆರಳಿಟ್ಟು, ಹೌದೋ ತಮಾ, ಅಂದಳು. ಆ ಕ್ಷಣವನ್ನು ನಾನು ಮರೆಯುವುದಿಲ್ಲ.

ಆಯಿಯ ಬಗ್ಗೆ ಇನ್ನೊಂದು ಹೇಳಬೇಕು. ಮೊದಲ ವಾರ ರಾತ್ರಿ ನಾನು ಮಲಗಿದ ಮೇಲೆ ಬಂದು ಮೊಣಕಾಲಿನ ಕೆಳಗೆ ಮೆತ್ತನೆಯ ದಿಂಬು ಇಡುತ್ತಿದ್ದಳು. ಹಾಯೆನಿಸುತ್ತಿತ್ತು. ಆದರೆ ಅದು ಮಾಡಬಾರದ್ದು. ದಿಂಬಿಟ್ಟರೆ ಮೊಣಕಾಲು ಬಾಗಿಯೇ ಇರುತ್ತದೆ, ಹಾಗೇ ಬಿಗಿಯುತ್ತದೆ. ಪೂರ್ತಿ ನೇರವಾಗದ ಮೊಣಕಾಲಿನಲ್ಲಿ ಮುಂದೊಡೆ ಕೊನೆಯವರೆಗೆ ಬಿಗಿಯಾಗಲು ಆಗುವುದಿಲ್ಲ. ನಿಂತರೂ ನಡೆದರೂ ಸ್ವಲ್ಪ ಬಾಗಿದ ಕಾಲನ್ನು ತೊಡೆಯೇ ಹಿಡಿದಿರಬೇಕಾಗುತ್ತದೆ, ಅದಕ್ಕೆ ಬಿಡುವೇ ಇಲ್ಲ, ಬೇಗ ಸೋಲುತ್ತದೆ. ಮೇಡಂ ದಿಂಬನ್ನು ಹಿಮ್ಮಡಿಯ ಕೆಳಗೆ ಇಡಿಸಿದರು. ಮೊಣಕಾಲು ಗಾಳಿಯಲ್ಲಿ ಉಳಿದು ತನ್ನ ಭಾರಕ್ಕೇ ಕೆಳಗಿಳಿದು ನೇರವಾಗಬೇಕು. ಬಾಗಿಸುವ ಚಿಂತೆ ಎಲ್ಲರಿಗೂ ಇರುತ್ತದೆ, ನೇರ ಮಾಡುವುದನ್ನು ಮರೆಯುತ್ತಾರೆ. ಮೊದಲ ವಾರಗಳಲ್ಲಿ ನೇರ ಮಾಡುವುದೇ ಹೆಚ್ಚು ಮುಖ್ಯ.

ಮಲಗಿ ಕಾಲನ್ನು ನೇರ ಎತ್ತುವಾಗ ಮೊದಮೊದಲು ಮೊಣಕಾಲು ಬಾಗಿ ಹಿಮ್ಮಡಿ ಹಿಂದೆ ಉಳಿಯುತ್ತಿತ್ತು. ತೊಡೆಗೆ ಶಕ್ತಿ ಸಾಲದ್ದಕ್ಕೆ ಅದೇ ಗುರುತು. ಅದು ಹೋಗುವವರೆಗೆ ವಾಕರ್ ಬಿಡಬೇಡಿ ಅಂದಿದ್ದರು, ನಾನು ಬಿಡಲಿಲ್ಲ.

ಆಯಿಯ ಹೊಲಿಗೆ ಡಬ್ಬಿಯಲ್ಲಿ ಹಳದಿ ಟೇಪ್ ಒಂದಿತ್ತು. ಚಿಪ್ಪಿನ ಮೇಲಂಚಿನಿಂದ 15 ಸೆಂಟಿಮೀಟರ್ ಮೇಲೆ ಪೆನ್ನಿನಲ್ಲಿ ಗುರುತು ಮಾಡಿ, ಎರಡೂ ತೊಡೆಯ ಸುತ್ತಳತೆ ತೆಗೆಯುವುದನ್ನು ಮೇಡಂ ಕಲಿಸಿದರು. ಆರನೇ ವಾರದಲ್ಲಿ ಎಡತೊಡೆ ಬಲದ್ದಕ್ಕಿಂತ ನಾಲ್ಕು ಸೆಂಟಿಮೀಟರ್ ಕಡಿಮೆ. ಪಂಚೆ ಉಟ್ಟರೂ ಗೊತ್ತಾಗುವಷ್ಟು. ಟೇಪ್ ಶಕ್ತಿಯನ್ನು ಅಳೆಯುವುದಿಲ್ಲ, ಬಾವಿದ್ದರೆ ಸುಳ್ಳೂ ಹೇಳುತ್ತದೆ. ಆದರೂ ತಿಂಗಳಿಗೊಮ್ಮೆ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾ ಬಂದೆ. ದಿನಾ ನೋಡಿದರೆ ಏನೂ ಬದಲಾಗದ ಹಾಗೆ ಕಾಣುತ್ತದೆ, ಅದಕ್ಕೇ ತಿಂಗಳಿಗೊಮ್ಮೆ.

ಸುಸ್ತಿನ ವಿಷಯಕ್ಕೆ ಬರುತ್ತೇನೆ. ಶಕ್ತಿ ಇಲ್ಲದ್ದು ಬೇರೆ, ಸುಸ್ತು ಬೇರೆ. ಇದನ್ನು ತಿಳಿಯಲು ನನಗೆ ಮೂರು ತಿಂಗಳು ಬೇಕಾಯಿತು. ಶಕ್ತಿ ಇಲ್ಲ ಅಂದರೆ ಮೊದಲ ಸಲವೇ ಎತ್ತಲಾಗುವುದಿಲ್ಲ. ಸುಸ್ತು ಅಂದರೆ ಎಂಟು ಸಲ ಚೆನ್ನಾಗಿ ಎತ್ತಿ, ಒಂಬತ್ತನೆಯದಕ್ಕೆ ತೊಡೆ ನಡುಗಲು ಶುರು. ಬೆಳಿಗ್ಗೆ ಸರಿಯಾಗಿ ನಡೆದವನು ಸಂಜೆ ನಾಲ್ಕಕ್ಕೆ ಕುಂಟುತ್ತಿದ್ದೆ. ನೋಡಿದವರು, ಬೆಳಿಗ್ಗೆ ಸರಿ ಇದ್ದೆಯಲ್ಲ ಅನ್ನುತ್ತಿದ್ದರು. ಅವರದ್ದೂ ತಪ್ಪಲ್ಲ, ಹೊರಗಿನಿಂದ ಕಾಣುವ ಸಂಗತಿ ಅಲ್ಲ ಇದು.

ನಮ್ಮ ಮನೆಯಿಂದ ತೋಟಕ್ಕೆ ಕಲ್ಲಿನ ಮೆಟ್ಟಿಲು. ಹತ್ತುವುದು ಮೊದಲು ಬಂತು, ಇಳಿಯುವುದು ಎಷ್ಟೋ ವಾರ ಆದಮೇಲೆ. ನನಗೆ ಆಶ್ಚರ್ಯ. ಇಳಿಯುವಾಗ ಮೈಯ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಮುಂದೊಡೆ ಉದ್ದವಾಗುತ್ತಲೇ ಅದನ್ನು ಹಿಡಿದು ನಿಧಾನ ಇಳಿಸಬೇಕು. ಘಾಟಿಯಲ್ಲಿ ಲಾರಿ ಇಳಿಸಿದ ಹಾಗೆ, ಬ್ರೇಕಿನ ಮೇಲೇ ಎಲ್ಲ. ದೇವಿಮನೆ ಘಟ್ಟ ಇಳಿದವರಿಗೆ ಗೊತ್ತು. ನನ್ನ ಬ್ರೇಕ್ ನಾಲ್ಕನೇ ಮೆಟ್ಟಿಲಿಗೆ ಬಿಸಿಯಾಗುತ್ತಿತ್ತು, ಏಳನೆಯದಕ್ಕೆ ಮೊಣಕಾಲು ಪಕ್ಕನೆ ಮಡಚಿಕೊಳ್ಳುತ್ತಿತ್ತು. ಸಾವಕಾಶ ಹೋಗೋ, ಅಂತ ಆಯಿ ಮೇಲಿನಿಂದ ಕೂಗುತ್ತಿದ್ದಳು.

ಇನ್ನೊಂದು ಸುಸ್ತಿದೆ, ಅದು ತಲೆಯದ್ದು. ಜೂನ್‌ನಲ್ಲಿ ಮಳೆ ಹಿಡಿಯಿತು. ಒಂದು ರಾತ್ರಿ ಊಟ ಮುಗಿಸಿ ಒಳಗೆ ಹೋಗುವಾಗ ಕರೆಂಟ್ ಹೋಯಿತು. ನಾನು ನಿಂತಲ್ಲೇ ನಿಂತೆ. ಹುಟ್ಟಿ ಬೆಳೆದ ಮನೆ, ಕಣ್ಣು ಮುಚ್ಚಿ ಓಡಾಡುವ ಜಾಗ. ಆದರೆ ಎಡಗಾಲು ಎಲ್ಲಿದೆ, ನೆಲ ಎಷ್ಟು ಕೆಳಗಿದೆ, ಏನೂ ತಿಳಿಯಲಿಲ್ಲ. ಆಗಲೇ ಗೊತ್ತಾದದ್ದು, ಅಷ್ಟು ದಿನ ನಾನು ಕಾಲನ್ನು ಕಣ್ಣಿನಿಂದ ನಡೆಸುತ್ತಿದ್ದೆ ಅಂತ. ಪ್ರತಿ ಹೆಜ್ಜೆಯನ್ನೂ ನೋಡಿ ಇಡುತ್ತಿದ್ದೆ. ಎಸಿಎಲ್ ಬರೀ ಕಟ್ಟಿದ ಹಗ್ಗ ಅಲ್ಲ, ಅದರೊಳಗೂ ನರದ ತುದಿಗಳಿವೆ, ಮೊಣಕಾಲು ಎಲ್ಲಿದೆ, ಯಾವ ಕಡೆ ತಿರುಗಿದೆ ಅಂತ ಮೆದುಳಿಗೆ ಹೇಳುವವು. ಲಿಗಮೆಂಟ್ ಹರಿದಾಗ ಅವೂ ಹೋದವು. ಹೊಸ ಹುರಿ ಅಷ್ಟು ಬೇಗ ಆ ಕೆಲಸ ಕಲಿಯುವುದಿಲ್ಲ. ಹಾಗಾಗಿ ಮೆದುಳು ಕಣ್ಣನ್ನೇ ನಂಬಿಕೊಳ್ಳುತ್ತದೆ. ದಿನವಿಡೀ ಹೆಜ್ಜೆ ಎಣಿಸಿದ ತಲೆ ಸಂಜೆಗೆ ಸೋಲದೆ ಇರುತ್ತದಾ?

ಮೇಡಂಗೆ ಹೇಳಿದೆ. ಮರುದಿನದಿಂದಲೇ ಗೋಡೆಯ ಪಕ್ಕ ಒಂಟಿಕಾಲಿನಲ್ಲಿ ನಿಲ್ಲುವುದು, ಆಮೇಲೆ ಕಣ್ಣು ಮುಚ್ಚಿ ನಿಲ್ಲುವುದು ಸೇರಿಸಿದರು.

ಜುಲೈ ಕೆಟ್ಟದಾಗಿತ್ತು. 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತರು. ನಮ್ಮ ಅಕ್ಕನ ಮನೆ ಅಂಕೋಲಾ. ಫೋನು, ಟಿವಿ, ಆತಂಕ. ನಮ್ಮ ರಸ್ತೆಗೂ ಮರ ಬಿದ್ದು ಪೇಟೆಗೆ ಹೋಗುವುದು ನಿಂತಿತು. ಅಂಗಳ ಪಾಚಿಗಟ್ಟಿ ಜಾರುತ್ತಿತ್ತು, ಅಡಿಕೆ ಸೋಗೆ ಹಾಸಿದ್ದರೂ ನನ್ನನ್ನು ಇಳಿಯಲು ಬಿಡಲಿಲ್ಲ. ನಾನೂ ಮನಸ್ಸಿಲ್ಲದೆ ವ್ಯಾಯಾಮ ಬಿಟ್ಟೆ. ಹನ್ನೆರಡು ದಿನ. ಆಗಸ್ಟ್ ಒಂದಕ್ಕೆ ಟೇಪ್ ಹಿಡಿದರೆ ಎರಡು ತಿಂಗಳು ಕಷ್ಟಪಟ್ಟು ಗಳಿಸಿದ್ದರಲ್ಲಿ ಅರ್ಧ ಸೆಂಟಿಮೀಟರ್ ಹೋಗಿತ್ತು. ಅತ್ತುಬಿಟ್ಟೆ.

ಆಮೇಲೆ ಮಳೆಗಾಲಕ್ಕೆ ಬೇರೆ ಏರ್ಪಾಡು ಮಾಡಿಕೊಂಡೆ. ಜಗುಲಿಯ ಮೆಟ್ಟಿಲೇ ಸಾಕು, ಹತ್ತುವುದು, ಎಡಗಾಲನ್ನು ಮೇಲೇ ಇಟ್ಟು ಬಲಗಾಲನ್ನು ನಿಧಾನ ಕೆಳಗಿಳಿಸಿ ಹಿಮ್ಮಡಿ ನೆಲಕ್ಕೆ ತಾಗಿಸಿ ಮತ್ತೆ ಎತ್ತುವುದು. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂರುವುದು. ಕಾಲಿಗೆ ಕಟ್ಟಲು ಎರಡು ಕೆಜಿಯ ಮರಳು ಚೀಲ. ಮಳೆ ಕಡಿಮೆಯಾದ ಮೇಲೆ ಪೇಟೆಯ ಜಿಮ್‌ಗೆ ಸೇರಿದೆ, ಲೆಗ್ ಪ್ರೆಸ್ಸು, ಲೆಗ್ ಎಕ್ಸ್‌ಟೆನ್ಷನ್ನು. ಯಾವ ಕೋನದಿಂದ ಯಾವ ಕೋನಕ್ಕೆ, ಎಷ್ಟು ಭಾರ ಅನ್ನುವುದನ್ನೆಲ್ಲ ಮೇಡಂ ಬರೆದುಕೊಟ್ಟಿದ್ದರು. ಅದನ್ನು ಇಲ್ಲಿ ಹಾಕುವುದಿಲ್ಲ, ಯಾಕೆಂದರೆ ನನ್ನ ಹುರಿಗೆ ಸರಿಯಾದದ್ದು ನಿಮ್ಮ ಹುರಿಗೆ ಆಗಬೇಕೆಂದಿಲ್ಲ. ಎಲ್ಲರಿಗೂ ಹೊಂದುವ ಮಾತು ಒಂದೇ: ಭಾರ ಏರುತ್ತಾ ಹೋಗಬೇಕು. ಆರು ತಿಂಗಳು ಬರಿಗಾಲು ಎತ್ತುತ್ತಾ ಇದ್ದರೆ ಬರಿಗಾಲು ಎತ್ತುವಷ್ಟೇ ಶಕ್ತಿ ಬರುತ್ತದೆ. ವ್ಯಾಯಾಮದ ಮರುದಿನ ಮೊಣಕಾಲು ಊದಿದ್ದರೆ ಜಾಸ್ತಿಯಾಯಿತು, ಒಂದು ಹೆಜ್ಜೆ ಹಿಂದೆ ಬನ್ನಿ. ತೊಡೆ ನೋಯುತ್ತಿದ್ದು ಮೊಣಕಾಲು ತಣ್ಣಗಿದ್ದರೆ ಸರಿ ದಾರಿಯಲ್ಲಿದ್ದೀರಿ.

ಊಟದ ವಿಷಯ. ನಮ್ಮದು ಅನ್ನ, ತಂಬುಳಿ, ಹುಳಿ, ಮಾವಿನ ಕಾಲದಲ್ಲಿ ಅಪ್ಪೆಹುಳಿ. ಬಾಯಿಗೆ ಇದಕ್ಕಿಂತ ಹೆಚ್ಚೇನು ಬೇಕು? ಆದರೆ ಕರಗಿದ ಮಾಂಸ ಕಟ್ಟಲು ಅದರಲ್ಲಿ ಪ್ರೋಟೀನ್ ಸಾಲದು. ಮೂರು ಹೊತ್ತೂ ಬೇಳೆ, ಕಾಳು, ಹಾಲು, ಮೊಸರಿನಲ್ಲಿ ಒಂದು ಇರಲೇಬೇಕು ಅಂದರು. ನನ್ನ ಹೆಂಡತಿ ದಿನಾ ಬೆಳಿಗ್ಗೆ ದೋಸೆಯ ಜೊತೆ ಹೆಸರುಕಾಳಿನ ಉಸುಳಿ ಮಾಡಿದಳು, ಸಂಜೆಗೆ ನೆನೆಸಿದ ಶೇಂಗಾ, ರಾತ್ರಿ ಪನೀರ್. ಅವಳಿಗೂ ತೋಟ, ಕೊಟ್ಟಿಗೆ ಎಲ್ಲದರ ಕೆಲಸ ಆ ವರ್ಷ ದುಪ್ಪಟ್ಟು. ಈ ತೊಡೆಯಲ್ಲಿ ಅವಳ ಪಾಲು ದೊಡ್ಡದು.

ಎಣ್ಣೆ ತಿಕ್ಕುವ ಸಲಹೆ ಎಲ್ಲರೂ ಕೊಟ್ಟರು. ಪ್ರೀತಿಯಿಂದಲೇ ಕೊಟ್ಟರು. ಎಣ್ಣೆಯಿಂದ ಹಾಯೆನಿಸಬಹುದು, ಟ್ರಿಪ್ ಆದ ಸ್ಟಾರ್ಟರ್ ಸರಿಯಾಗುವುದಿಲ್ಲ, ಮಾಂಸವೂ ಬೆಳೆಯುವುದಿಲ್ಲ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಆಪರೇಷನ್ ಆದ ಮೊದಲ ವಾರಗಳಲ್ಲಿ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅದನ್ನು ತಿಕ್ಕಲೇಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ಡಾಕ್ಟರ ಹತ್ತಿರ ಹೋಗಿ. ಜ್ವರ ಬಂದು ಹೊಲಿಗೆಯ ಜಾಗ ಕೆಂಪಾಗಿ ಸೋರುತ್ತಿದ್ದರೂ ಅಷ್ಟೇ. ಉಸಿರು ಕಟ್ಟಿದ ಹಾಗಾದರೆ, ಎದೆ ನೋವು ಬಂದರೆ, ಒಂದು ನಿಮಿಷವೂ ಕಾಯಬೇಡಿ.

ಎರಡನೇ ತಿಂಗಳು ಮುಗಿಯುವ ಹೊತ್ತಿಗೆ ನೋವು ಹೋಗಿರುತ್ತದೆ, ನಡಿಗೆ ಬಂದಿರುತ್ತದೆ. ಓಡಿದರೇನು ಅನ್ನಿಸುತ್ತದೆ. ಅದೇ ಹೊತ್ತಿನಲ್ಲಿ ಒಳಗಿನ ಹುರಿ ಎಲ್ಲಕ್ಕಿಂತ ದುರ್ಬಲವಾಗಿರುತ್ತದೆ. ಕೂರಿಸಿದ ಹುರಿಯ ಹಳೆಯ ಜೀವಕೋಶಗಳು ಸತ್ತು, ರಕ್ತನಾಳಗಳು ಹೊಸದಾಗಿ ಬಂದು, ಅದು ನಿಧಾನವಾಗಿ ಲಿಗಮೆಂಟಿನ ಗುಣ ಪಡೆಯಬೇಕು. ಅದಕ್ಕೆ ವರ್ಷವೇ ಬೇಕು, ಕೆಲವು ಸಲ ಇನ್ನೂ ಜಾಸ್ತಿ. ಆರನೇ ವಾರದಿಂದ ಹನ್ನೆರಡನೇ ವಾರದವರೆಗೆ ಅದು ನೆಟ್ಟ ಅಡಿಕೆ ಸಸಿ, ಬೇರು ಹಿಡಿದಿಲ್ಲ. ನಮ್ಮೂರಿನ ವಾಲಿಬಾಲ್ ಹುಡುಗರಿಗೆ ಇದನ್ನೇ ಹೇಳುತ್ತಿರುತ್ತೇನೆ. 2016ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮತ್ತೆ ಪೆಟ್ಟಾಗುವ ಪ್ರಮಾಣ ಅರ್ಧದಷ್ಟು ಇಳಿಯಿತು. ತೊಡೆಯ ಶಕ್ತಿ ಎರಡೂ ಕಡೆ ಸಮವಾಗಿದ್ದಷ್ಟೂ ಅಪಾಯ ಕಡಿಮೆ. ಅಂದರೆ ತೊಡೆಯನ್ನು ಬೆಳೆಸುವುದು ಚೆಂದಕ್ಕಲ್ಲ. ಸೋತ ತೊಡೆ ಹಾರಿ ಇಳಿದ ಪೆಟ್ಟನ್ನು ತಾನು ಹೀರಿಕೊಳ್ಳದೆ ಮೊಣಕಾಲಿಗೇ ದಾಟಿಸುತ್ತದೆ, ಆ ಹುರಿ ಅದನ್ನು ಹೊರಬೇಕಾಗುತ್ತದೆ.

ಅಕ್ಟೋಬರ್‌ನಲ್ಲಿ ಅಕ್ಕನ ಮನೆಗೆ ಹೋದಾಗ ಭಾವ ಸಮುದ್ರದ ದಂಡೆಗೆ ಕರೆದುಕೊಂಡು ಹೋದರು. ರಸ್ತೆಯಲ್ಲಿ ಎರಡು ಕಿಲೋಮೀಟರ್ ಆರಾಮಾಗಿ ನಡೆಯುತ್ತಿದ್ದೆ ಆಗ. ಒಣ ಮರಳಿನಲ್ಲಿ ನೂರು ಹೆಜ್ಜೆಗೆ ತೊಡೆ ಉರಿಯಿತು, ಇನ್ನೂರಕ್ಕೆ ಕೂತೆ. ಭಾವ ಏನೂ ಹೇಳದೆ ಪಕ್ಕದಲ್ಲಿ ಕೂತರು. ಆಮೇಲೆ ಅಲೆ ಬಂದು ಹೋಗುವ ಗಟ್ಟಿ ಮರಳಿನ ಅಂಚಿಗೆ ನಡೆದೆವು. ಅಲ್ಲಿ ಸಲೀಸು. ದೋಣಿ ಎಳೆಯುವವರು ದಿನಾ ಅದೇ ಒಣ ಮರಳಿನಲ್ಲಿ ಬಲೆ ಹೊತ್ತು ಹೋಗುತ್ತಾರೆ, ಅವರ ತೊಡೆಯನ್ನು ನಾನು ಆವತ್ತಷ್ಟು ಗಮನಿಸಿ ಯಾವತ್ತೂ ನೋಡಿರಲಿಲ್ಲ.

ಒಂಬತ್ತನೇ ತಿಂಗಳಿಗೆ ಪರೀಕ್ಷೆ ಮಾಡಿದರು. ಒಂಟಿಕಾಲಿನಲ್ಲಿ ಹಾರಿ ಎಷ್ಟು ದೂರ ಇಳಿಯುತ್ತೇನೆ, ಒಂದೊಂದೇ ಕಾಲಿನಲ್ಲಿ ಎಷ್ಟು ಭಾರ ತಳ್ಳುತ್ತೇನೆ. ಒಳ್ಳೆಯ ಕಾಲಿಗೆ ಹೋಲಿಸಿದರೆ ನೂರಕ್ಕೆ 90ರಷ್ಟಾದರೂ ಬರಬೇಕು. ನನ್ನದು ಹಾರುವುದರಲ್ಲಿ 91, ಭಾರದಲ್ಲಿ 82. ಹಾರುವಾಗ ಸೊಂಟ, ಮೀನಖಂಡ ಎಲ್ಲ ಸೇರಿ ತೊಡೆಯ ಕೊರತೆಯನ್ನು ಮುಚ್ಚುತ್ತವೆ, ಅದಕ್ಕೇ ಅದೊಂದನ್ನೇ ನಂಬಬಾರದು ಅಂದರು. ಇನ್ನೂ ಒಂದು ವಿಷಯ, ಈ ಒಂಬತ್ತು ತಿಂಗಳಲ್ಲಿ ನನ್ನ ಬಲಗಾಲೂ ಕೆಲಸವಿಲ್ಲದೆ ಸೋತಿದೆ. ಸೋತದ್ದರ ಜೊತೆ ಹೋಲಿಸಿ 91 ಅಂದರೆ ಅದು ಪೂರ್ತಿ 91 ಅಲ್ಲ. ಹಾಗಾಗಿ ಈಗ ಎರಡೂ ಕಾಲಿಗೆ ವ್ಯಾಯಾಮ.

ಈ ತಿಂಗಳ ಟೇಪ್ ಪ್ರಕಾರ ವ್ಯತ್ಯಾಸ ಒಂದು ಸೆಂಟಿಮೀಟರ್. ಆ ಹಳ್ಳ ತುಂಬಿದೆ. ತೋಟಕ್ಕೆ ದಿನಾ ಇಳಿಯುತ್ತೇನೆ, ಸಂಜೆ ನಾಲ್ಕರ ಕುಂಟು ಹೋಗಿ ಎಷ್ಟೋ ದಿನವಾಯಿತು, ಅಡಿಕೆ ಕೊಯ್ಲಿನಲ್ಲಿ ಗೊನೆ ಹೊತ್ತು ಹತ್ತಿದ್ದೇನೆ. ಕರೆಂಟ್ ಹೋದರೆ ಈಗ ನಿಲ್ಲುವುದಿಲ್ಲ.

ಮಂಡಿ ಇನ್ನೂ ಹಾಕಿಲ್ಲ. ಹೋದ ವಾರ ಅಭ್ಯಾಸದ ಮನೆಯಲ್ಲಿ ದಪ್ಪ ಚಾಪೆ ಹಾಸಿ ಮೊಣಕಾಲೂರಿ ಕೂತೆ. ಎರಡು ನಿಮಿಷ. ಚಿಪ್ಪಿನಲ್ಲಿ ನೋವಿರಲಿಲ್ಲ. ಏಳುವಾಗ ಎಡತೊಡೆ ಸ್ವಲ್ಪ ಅದುರಿತು. ಭಾಗವತರು ತಾಳ ಕೆಳಗಿಟ್ಟು, "ಈ ಸಲ ನಿಂತು ಮಾಡುವ ವೇಷ ಕೊಡುತ್ತೇನೆ, ಅದನ್ನು ಮಾಡು," ಅಂದರು. ಏಪ್ರಿಲ್‌ನ ಆಟಕ್ಕೆ ಅದನ್ನೇ ಒಪ್ಪಿಕೊಂಡಿದ್ದೇನೆ.